ಸವೆದ ಕಾರ್ ಸೀಟಿಗೆ ಮನೆಯಲ್ಲೇ ಬಣ್ಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರಿನ ಒಳಭಾಗವನ್ನು ಶುಚಿಯಾಗಿಡುವ ಬಗೆಯನ್ನು ಹಿಂದಿನ ಸಂಚಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ. ತೊಳೆದರೂ ಮೊದಲಿನಂತಾಗದಷ್ಟು ಮಾಸಿ, ಬಣ್ಣ ಹೋಗಿರುವ ಸೀಟಿಗೆ ಮನೆಯಲ್ಲೇ ಮತ್ತೆ ಬಣ್ಣ ಕೊಡಬಹುದೇ ಎಂಬುದು ಆ ಪ್ರಶ್ನೆ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಹತ್ತು ವರ್ಷ ಹಳೆಯ ಕಾರೊಂದನ್ನು ಕೊಂಡಿದ್ದೇನೆ. ಸೀಟುಗಳು ತಿಳಿ ಮರಳು ಬಣ್ಣದ ಚರ್ಮದವು. ಚಾಲಕನ ಸೀಟಿನ ಬಲಗಡೆಯ ದಿಂಡಿನಲ್ಲಿ (ಪಕ್ಕದ ಉಬ್ಬಿದ ಅಂಚಿನಲ್ಲಿ) ಬಣ್ಣ ಹೋಗಿ ಬೂದು ಬಣ್ಣದ ಒಳಮೈ ಕಾಣುತ್ತಿದೆ, ಸಣ್ಣ ಬಿರುಕುಗಳೂ ಇವೆ. ಗ್ಯಾರೇಜಿನವರು ಕವರ್ ಹಾಕಿಸಿಬಿಡಿ ಎನ್ನುತ್ತಾರೆ. ಗೆಳೆಯರೊಬ್ಬರು ಅದೇ ಬಣ್ಣದ ಶೂ ಪಾಲಿಶ್ ತಿಕ್ಕಿ ನೋಡಿ ಎಂದರು. ಮನೆಯಲ್ಲಿ ಮಾಡುವಂಥ ಸರಿಯಾದ ವಿಧಾನ ಯಾವುದು?
— ಓದುಗರು, ಶಿವಮೊಗ್ಗ

ಉತ್ತರ: ನೀವು ವಿವರಿಸಿರುವ ಸೀಟು ಮನೆಯಲ್ಲಿ ಸರಿಪಡಿಸಿಕೊಳ್ಳಬಹುದಾದ ಸ್ಥಿತಿಯಲ್ಲೇ ಇದೆ. ಕಾರಿನ ಸೀಟಿಗೆ ಬಳಸುವ ಚರ್ಮದಲ್ಲಿ ಬಹುಪಾಲು ಮೇಲ್ಮೈಗೆ ಬಣ್ಣದ ಲೇಪ ಕೊಟ್ಟಿರುವಂಥದ್ದು. ಹದ ಮಾಡಿದ ಚರ್ಮದ ಮೇಲೆ ಮೊದಲು ಒಂದು ತಳಲೇಪ, ಅದರ ಮೇಲೆ ಪಾಲಿಯುರೆಥೇನ್ ಅಥವಾ ಅಕ್ರಿಲಿಕ್ ಅಂಟಿನಲ್ಲಿ ಬೆರೆಸಿದ ಬಣ್ಣದ ಲೇಪ, ಕೊನೆಗೆ ಸವೆತವನ್ನು ತಡೆಯುವ ಪಾರದರ್ಶಕ ಲೇಪ ಬರುತ್ತವೆ. ಇವೆಲ್ಲ ಸೇರಿದರೂ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು, ಅನೇಕ ಸಲ ಅದಕ್ಕಿಂತಲೂ ತೆಳು. ನಮ್ಮಲ್ಲಿ ಚಾಲಕರು ಬಲಬಾಗಿಲಿನಿಂದ ಹತ್ತಿ ಇಳಿಯುವುದರಿಂದ ಪ್ರತಿ ಸಲವೂ ಮೈಭಾರವೆಲ್ಲ ಒಂದು ಕ್ಷಣ ಬಲಗಡೆಯ ದಿಂಡಿನ ಮೇಲೆ ಬಿದ್ದು ಜಾರುತ್ತದೆ. ಜೀನ್ಸ್ ಪ್ಯಾಂಟಿನ ಹಿಂಜೇಬಿನ ಲೋಹದ ರಿವೆಟ್ ಉಳಿದ ಕೆಲಸವನ್ನು ಮುಗಿಸುತ್ತದೆ. ಎಡಗಡೆಯ ದಿಂಡು ಹೊಸದರಂತೆ ಉಳಿದಿರುವುದನ್ನು ನೀವೂ ಗಮನಿಸಿರಬಹುದು.

ಸವೆದ ಜಾಗವನ್ನು ಹಗಲು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ಅಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ಅಂಚಿನಲ್ಲಿ ಪಾರದರ್ಶಕ ಲೇಪ ಮಾತ್ರ ಹೋಗಿ ಬಣ್ಣ ಮಬ್ಬಾಗಿರುತ್ತದೆ. ಅದರ ಒಳಗೆ ಚರ್ಮದ ಉಬ್ಬುಗಳ ತುದಿಯಲ್ಲಿ ಬಣ್ಣ ಹೋಗಿ, ತಗ್ಗುಗಳಲ್ಲಿ ಇನ್ನೂ ಉಳಿದಿರುತ್ತದೆ. ನಡುವೆ ನಾರು ನಾರಾದ ಒಳಮೈ ಬಯಲಾಗಿರುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮದ ಒಳಮೈ ಸಹಜವಾಗಿಯೇ ಬೂದು ನೀಲಿ, ಆದ್ದರಿಂದ ನಿಮಗೆ ಕಂಡ ಬೂದು ಬಣ್ಣ ಕೊಳೆಯಲ್ಲದಿರುವ ಸಾಧ್ಯತೆಯೇ ಹೆಚ್ಚು. ಮೊದಲ ಎರಡು ಸ್ಥಿತಿಗಳಿಗೆ ಬಣ್ಣವೊಂದೇ ಸಾಕು. ಮೂರನೆಯದಕ್ಕೆ ಅದಕ್ಕೂ ಮೊದಲು ನಾರನ್ನು ಹಿಡಿದು ಗಟ್ಟಿ ಮಾಡುವ ಅಂಟುಲೇಪ ಬೇಕಾಗುತ್ತದೆ.

ಶೂ ಪಾಲಿಶ್ ಮಾತ್ರ ಬೇಡ. ಅದು ಮೇಣದಲ್ಲಿ ಕಲಸಿದ ಬಣ್ಣ, ಎಷ್ಟು ದಿನವಾದರೂ ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ, ಬೇಸಿಗೆಯ ಬಿಸಿಗೆ ಮೆತ್ತಗಾಗಿ ಬಟ್ಟೆಗೆ ಹತ್ತುತ್ತದೆ. ಬಿಳಿ ಪಂಚೆಯುಟ್ಟು ಮದುವೆಗೆ ಹೊರಟವರು ಅಂಥ ಸೀಟಿನಲ್ಲಿ ಕುಳಿತು ಇಳಿದಾಗಿನ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಆ ಮೇಣ ಸವೆದ ಜಾಗದೊಳಗೆ ಇಳಿದು ಕೂತ ಮೇಲೆ ನಿಜವಾದ ಬಣ್ಣ ಅಲ್ಲಿ ಹಿಡಿಯುವುದು ಬಹಳ ಕಷ್ಟ. ಚಪ್ಪಲಿಗೆ ಹರಳೆಣ್ಣೆ ಹಚ್ಚುವ ರೂಢಿಯಿರುವವರು ಸೀಟಿಗೂ ಎಣ್ಣೆ ತಿಕ್ಕುವುದುಂಟು, ಫಲ ಅದೇ. ಡ್ಯಾಶ್‌ಬೋರ್ಡಿಗೆ ಹೊಳಪು ಕೊಡಲು ಮಾರುವ ಸಿಲಿಕೋನ್ ದ್ರಾವಣವಂತೂ ಬಣ್ಣದ ಕೆಲಸಕ್ಕೆ ಎಲ್ಲಕ್ಕಿಂತ ದೊಡ್ಡ ಶತ್ರು. ಅದರ ಅಂಶ ಉಳಿದ ಕಡೆ ಹೊಸ ಬಣ್ಣ ಒಂದೆಡೆ ನಿಲ್ಲದೆ ಸರಿದು, ಚಿಕ್ಕ ಚಿಕ್ಕ ಉರುಟು ಗುಳಿಗಳು ಮೂಡುತ್ತವೆ. ಪೇಂಟರ್‌ಗಳು ಇದನ್ನು ಫಿಶ್ ಐ ಎನ್ನುತ್ತಾರೆ.

ಹೀಗಾಗಿ ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಶುಚಿಗೊಳಿಸುವುದು. ಬಣ್ಣ ಹಚ್ಚುವುದು ಅದಕ್ಕಿಂತ ಬೇಗ ಮುಗಿಯುತ್ತದೆ. ಸೀಟಿನ ಸಂದುಗಳ ದೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಿರಿ. ಚರ್ಮ ಸ್ವಭಾವತಃ ಸ್ವಲ್ಪ ಆಮ್ಲೀಯವಾದ್ದರಿಂದ ಬಟ್ಟೆ ಸೋಪು, ವಾಷಿಂಗ್ ಸೋಡಾ ಮುಂತಾದ ಕ್ಷಾರದ ಪದಾರ್ಥಗಳನ್ನು ಬಳಸಬಾರದು. ಚರ್ಮಕ್ಕೆಂದೇ ಮಾಡಿದ ಸೌಮ್ಯ ಕ್ಲೀನರಿನ ನೊರೆಯನ್ನು ಮೆತ್ತನೆಯ ಬ್ರಷ್ಷಿಗೆ ತೆಗೆದುಕೊಂಡು ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಉಜ್ಜಿ, ಕೊಳೆ ಮೇಲೆದ್ದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒರೆಸುವ ಬಟ್ಟೆ ಬಿಳಿಯದಾಗಿದ್ದರೆ ಎಷ್ಟು ಕೊಳೆ ಬಂತೆಂದು ಅದೇ ಹೇಳುತ್ತದೆ. ತಲೆಗೆ ಎಣ್ಣೆ ಹಚ್ಚುವ ಅಭ್ಯಾಸವಿರುವ ಮನೆಗಳಲ್ಲಿ ಹೆಡ್‌ರೆಸ್ಟ್ ಅನ್ನು ಎರಡು ಮೂರು ಸಲ ತೊಳೆದರೂ ಜಿಡ್ಡು ಬರುತ್ತಲೇ ಇರುತ್ತದೆ, ಬೇಸರಪಡಬಾರದು.

ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆಯಿಂದ ಬಣ್ಣ ಹಚ್ಚಬೇಕಾದ ಭಾಗವನ್ನೆಲ್ಲ ಒರೆಸಬೇಕು. ಬಟ್ಟೆಗೆ ಸೀಟಿನ ಬಣ್ಣ ತುಸು ಹತ್ತುತ್ತದೆ, ಮೇಲಿನ ಹೊಳಪು ಇಳಿಯುತ್ತದೆ. ಅಷ್ಟಾದರೆ ಸಾಕು, ಅಲ್ಲಿಗೇ ನಿಲ್ಲಿಸಬೇಕು. ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಹತ್ತಿರದಲ್ಲಿ ಬೆಂಕಿ ಇಲ್ಲದಂತೆ ನೋಡಿಕೊಂಡು ಈ ಕೆಲಸ ಮಾಡಿ. ಥಿನ್ನರ್ ಮತ್ತು ಅಸಿಟೋನ್ ಹಳೆಯ ಲೇಪವನ್ನು ಬುಡಸಮೇತ ಕಿತ್ತು ತೆಗೆಯುತ್ತವೆ. ಅನುಭವವಿಲ್ಲದವರು ಅವನ್ನು ಮುಟ್ಟದಿರುವುದು ಒಳ್ಳೆಯದು. ಜಿಡ್ಡು ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಒಂದು ಹನಿ ನೀರು ಬಿಟ್ಟು ನೋಡಬಹುದು. ಅದು ಮುತ್ತಿನಂತೆ ದುಂಡಗೆ ನಿಂತರೆ ಇನ್ನೊಮ್ಮೆ ಒರೆಸಬೇಕು, ಮೆಲ್ಲಗೆ ಹರಡಿಕೊಂಡರೆ ಮುಂದಕ್ಕೆ ಹೋಗಬಹುದು.

ಬಳಿಕ 600 ನಂಬರಿನ ಉಪ್ಪುಕಾಗದದಿಂದ ಸವೆದ ಜಾಗದ ಅಂಚುಗಳನ್ನು ಹಗುರವಾಗಿ ತಿಕ್ಕಿ. ಹಳೆಯ ಬಣ್ಣ ಮುಗಿದು ಬಯಲಾದ ಚರ್ಮ ಶುರುವಾಗುವಲ್ಲಿ ಬೆರಳಾಡಿಸಿದರೆ ಮೆಟ್ಟಿಲು ಕೈಗೆ ತಾಗುತ್ತದೆ, ಅದು ತಾಗದಂತಾಗಬೇಕು. ಹೊಲಿಗೆಯ ದಾರದ ಮೇಲೆ ಮಾತ್ರ ಉಪ್ಪುಕಾಗದ ಹಾಯಿಸಬೇಡಿ. ಎದ್ದ ದೂಳನ್ನು ಒರೆಸಿ, ಬಯಲಾದ ನಾರಿಗೆ ಅಂಟುಲೇಪವನ್ನು ಸ್ಪಂಜಿನಿಂದ ಒತ್ತಿ ಇಳಿಸಿ ಒಣಗಿಸಿ. ಬಿರುಕುಗಳಿಗೆ ಚರ್ಮದ ಫಿಲ್ಲರನ್ನು ಹಳೆಯ ಎಟಿಎಂ ಕಾರ್ಡಿನಂಥ ಬಾಗುವ ತಗಡಿನಿಂದ ತೆಳುವಾಗಿ ಎಳೆಯಬೇಕು, ಒಣಗಿಸಬೇಕು, ತಿಕ್ಕಬೇಕು, ತಗ್ಗು ಉಳಿದಿದ್ದರೆ ಮತ್ತೆ ಎಳೆಯಬೇಕು. ಒಂದೇ ಸಲಕ್ಕೆ ದಪ್ಪವಾಗಿ ತುಂಬಿದ ಫಿಲ್ಲರ್ ಮೊದಲ ತಿಂಗಳಲ್ಲೇ ಬಿರಿಯುತ್ತದೆ. ಚರ್ಮ ಆರುಪಾರು ಹರಿದಿದ್ದರೆ ಫಿಲ್ಲರಿನಿಂದ ಆಗುವುದಿಲ್ಲ. ಹಿಂದಿನಿಂದ ಬಟ್ಟೆಯ ತೇಪೆ ಕೊಡಬೇಕು, ಇಲ್ಲವೇ ಆ ಒಂದು ಭಾಗವನ್ನು ಕುಶನ್ ಕೆಲಸದವರಿಂದ ಬದಲಿಸಿಕೊಳ್ಳಬೇಕು.

ಬಣ್ಣವೆಂದರೆ ಇಲ್ಲಿ ನೀರಿನಲ್ಲಿ ಕರಗಿಸಿ ಅದ್ದುವ ಪುಡಿಬಣ್ಣವಲ್ಲ. ಲೇಪವಿರುವ ಚರ್ಮದೊಳಗೆ ಅಂಥದ್ದು ಇಳಿಯುವುದೇ ಇಲ್ಲ. ಚರ್ಮದ ಸೀಟಿಗೆಂದು ಮಾರುವ, ನೀರು ಆಧಾರಿತ, ಬಾಗಿದರೂ ಬಿರಿಯದ ಲೇಪಬಣ್ಣವನ್ನೇ ಕೊಳ್ಳಬೇಕು. ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಸ್ಪಂಜಿನ ತುದಿಗೆ ಸ್ವಲ್ಪವೇ ತೆಗೆದುಕೊಂಡು, ಎಳೆಯದೆ ತಟ್ಟುತ್ತ ಹೋಗಿ. ಮೊದಲ ಲೇಪ ಒಣಗಿದಾಗ ಅಲ್ಲಲ್ಲಿ ಹಳೆಯ ಕಲೆ ಕಾಣುತ್ತಲೇ ಇರುತ್ತದೆ, ನೋಡಿದವರಿಗೆ ಕೆಲಸ ಕೆಟ್ಟಿತೆಂದೇ ಅನಿಸುತ್ತದೆ; ಅದನ್ನು ಮುಚ್ಚುವ ಅವಸರಕ್ಕೆ ಎರಡನೆಯದನ್ನು ದಪ್ಪವಾಗಿ ಬಳಿಯುವವರೇ ಹೆಚ್ಚು. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಹಿಡಿದು ಒಣಗಿಸಿ ಮೂರರಿಂದ ಐದು ತೆಳು ಲೇಪಗಳನ್ನು ಕೊಡಿ. ಸುಕ್ಕುಗಳನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಹಿಗ್ಗಿಸಿ ಹಿಡಿದು ತಗ್ಗಿನೊಳಕ್ಕೂ ಬಣ್ಣ ಮುಟ್ಟಿಸದಿದ್ದರೆ, ಯಾರಾದರೂ ಕುಳಿತ ಕೂಡಲೇ ಆ ಗೆರೆಗಳು ಬಾಯಿಬಿಟ್ಟು ಹಳೆಯ ಬಣ್ಣ ತೋರಿಸುತ್ತವೆ. ಹೊಲಿಗೆಯ ದಾರ ಬೇರೆ ಬಣ್ಣದ್ದಾಗಿದ್ದರೆ ಅದರ ಮೇಲೆ ಕಿರಿದಾದ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳುವ ತಾಳ್ಮೆ ಬೇಕು.

ಕೊನೆಗೆ ಪಾರದರ್ಶಕ ಲೇಪ ಎರಡು ಸಲ. ಇದರೊಂದಿಗೆ ಬೆರೆಸಲು ಗಟ್ಟಿಗೊಳಿಸುವ ದ್ರವವೊಂದನ್ನು ಪ್ರತ್ಯೇಕವಾಗಿ ಕೊಟ್ಟಿದ್ದರೆ ಡಬ್ಬಿಯ ಮೇಲೆ ಹೇಳಿದಷ್ಟೇ ಪ್ರಮಾಣದಲ್ಲಿ, ಅಂದಿನ ಬಳಕೆಗೆ ಬೇಕಾದಷ್ಟನ್ನೇ ಬೆರೆಸಿಕೊಳ್ಳಿ. ಅಂಥ ಮಿಶ್ರಣವನ್ನು ಸ್ಪ್ರೇ ಮಾಡಿದರೆ ಅದರ ಹನಿಗಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ತಕ್ಕ ಫಿಲ್ಟರ್ ಮಾಸ್ಕ್ ಇಲ್ಲದವರು ಸ್ಪಂಜಿನಲ್ಲೇ ಮುಗಿಸುವುದು ವಿವೇಕ. ಒಂದು ದಿನ ಯಾರೂ ಕುಳಿತುಕೊಳ್ಳದಿರಲಿ, ಒಂದು ವಾರ ಒದ್ದೆ ಬಟ್ಟೆ ಮುಟ್ಟಿಸದಿರಿ. ನಿಮ್ಮ ಶಿವಮೊಗ್ಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಹೆಚ್ಚಾದ್ದರಿಂದ ಪ್ರತಿ ಲೇಪವೂ ನಿಧಾನವಾಗಿ ಒಣಗುತ್ತದೆ. ದೀಪಾವಳಿ ಕಳೆದ ಮೇಲೆ, ನೆರಳಿನಲ್ಲಿ, ಬೆಳಗಿನ ಹೊತ್ತು ಶುರುಮಾಡಿ.

ಪ್ರಶ್ನೆ: ಸೀಟಿನ ಬಣ್ಣಕ್ಕೆ ಸರಿಹೊಂದುವ ಬಣ್ಣ ಸಿಗುತ್ತಿಲ್ಲ. ಅಂಗಡಿಯಲ್ಲಿ ಒಂದೇ ಎನಿಸಿದ್ದು ಕಾರಿನೊಳಗೆ ಹಚ್ಚಿದಾಗ ಹಳದಿಯಾಗಿ ಕಾಣುತ್ತದೆ. ಏಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಎರಡು ಕಾರಣಗಳಿವೆ. ಬೇರೆ ಬೇರೆ ಬಣ್ಣದ ಪುಡಿಗಳಿಂದ ಮಾಡಿದ ಎರಡು ಲೇಪಗಳು ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿ ಕಂಡು ಬಿಸಿಲಿನಲ್ಲಿ ಬೇರೆಯಾಗಿ ಕಾಣುವುದು ಸಾಮಾನ್ಯ. ಸೀರೆಗೆ ರವಿಕೆಯ ಬಟ್ಟೆ ಹೊಂದಿಸಲು ಹೋದವರು ತುಂಡನ್ನು ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬರುವುದು ಇದೇ ಕಾರಣಕ್ಕೆ. ಎರಡನೆಯದಾಗಿ, ನೀವು ಹೋಲಿಸುತ್ತಿರುವ ಸೀಟಿನ ಬಣ್ಣವೇ ಅದರ ಮೂಲ ಬಣ್ಣವಲ್ಲ. ಹೆಡ್‌ರೆಸ್ಟಿನ ಕೆಳಭಾಗ, ಬೆನ್ನು ಮತ್ತು ಆಸನದ ನಡುವಿನ ಸಂದು ಮುಂತಾದ ಬಿಸಿಲು, ಬೆವರು ತಾಗದ ಜಾಗಗಳನ್ನು ಒರೆಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದು ದಿಂಡಿಗಷ್ಟೇ ಬಣ್ಣ ಹಚ್ಚುವವರು ಈಗಿನ ಮಾಸಿದ ಬಣ್ಣಕ್ಕೆ ಹೊಂದಿಸಬೇಕು, ಇಡೀ ಸೀಟಿಗೆ ಹಚ್ಚುವವರು ಮೂಲ ಬಣ್ಣಕ್ಕೆ.

ಸಿದ್ಧ ಬಣ್ಣ ಹತ್ತಿರಕ್ಕೆ ಬಂದು ತುಸು ತಪ್ಪುತ್ತಿದ್ದರೆ ಅದೇ ತಯಾರಕರ ಬೇರೆ ಬಣ್ಣಗಳನ್ನು ಹನಿಹನಿಯಾಗಿ ಸೇರಿಸಿ ತಿದ್ದಬಹುದು. ಮರಳು ಬಣ್ಣಗಳು ಹೆಚ್ಚಾಗಿ ಬಿಳಿಗೆ ಮಣ್ಣಿನ ಹಳದಿ, ಇಟ್ಟಿಗೆ ಕೆಂಪು ಮತ್ತು ಕಪ್ಪನ್ನು ಸೇರಿಸಿ ಬಂದಂಥವು. ನಿಮ್ಮದು ಹಳದಿಗೆ ಎಳೆಯುತ್ತಿದ್ದರೆ ಮೊದಲು ಕಪ್ಪಿನ ಒಂದು ಹನಿ, ಆಮೇಲೂ ಹಸಿರು ಛಾಯೆ ಕಂಡರೆ ಕೆಂಪಿನ ಅರ್ಧ ಹನಿ. ಕಪ್ಪನ್ನು ಹಾಕುವುದು ಸುಲಭ, ಹಾಕಿದ ಮೇಲೆ ತೆಗೆಯಲಾಗುವುದಿಲ್ಲವಾದ್ದರಿಂದ ಡಬ್ಬಿಗೆ ನೇರವಾಗಿ ಸುರಿಯದೆ ಒಂದೆರಡು ಚಮಚ ಬಣ್ಣವನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು ಪ್ರಯೋಗ ಮಾಡಿ, ಹನಿಗಳನ್ನು ಬರೆದಿಟ್ಟುಕೊಳ್ಳಿ. ಹಸಿಯಾಗಿರುವಾಗಿನ ಬಣ್ಣವನ್ನು ನಂಬಬಾರದು. ಕಾಣದ ಜಾಗದಲ್ಲಿ ಬೆರಳಗಲ ಹಚ್ಚಿ, ಒಣಗಿಸಿ, ಅದರ ಮೇಲೆ ಪಾರದರ್ಶಕ ಲೇಪವನ್ನೂ ಕೊಟ್ಟ ಮೇಲೆ ನೋಡಿ. ಎಷ್ಟೋ ಸಲ ಬಣ್ಣ ಸರಿಯಾಗಿದ್ದು ಹೊಳಪು ಮಾತ್ರ ಹೊಂದಿರುವುದಿಲ್ಲ. ಹೊಸ ಕಾರುಗಳ ಸೀಟು ಸಾಮಾನ್ಯವಾಗಿ ಮಬ್ಬು ಹೊಳಪಿನದು. ಫಳಫಳಿಸುವ ಸೀಟು ದೂರದಿಂದಲೇ ಬಣ್ಣ ಹಚ್ಚಿದ್ದೆಂದು ಹೇಳಿಬಿಡುತ್ತದೆ.

ಪ್ರಶ್ನೆ: ಐದು ವರ್ಷದ ಹಿಂದೆ ಹಾಕಿಸಿದ ಲೆದರ್ ಸೀಟ್ ಕವರಿನ ಮೇಲ್ಪದರ ಹಕ್ಕಳೆಯಾಗಿ ಉದುರುತ್ತಿದೆ. ಉದುರಿದ ಕಡೆ ಬಟ್ಟೆ ಕಾಣುತ್ತದೆ. ಬಣ್ಣ ಹಚ್ಚಿದರೆ ನಿಲ್ಲುತ್ತದೆಯೇ?
— ಓದುಗರು, ಮಂಗಳೂರು

ಉತ್ತರ: ನಿಲ್ಲುವುದಿಲ್ಲ, ಹಣ ಹಾಕಬೇಡಿ. ಒಳಗೆ ಬಟ್ಟೆ ಕಂಡಿತೆಂದರೆ ಅದು ಚರ್ಮವಲ್ಲ. ನೇಯ್ದ ಅಥವಾ ಹೆಣೆದ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಸಿದ ಕೃತಕ ಚರ್ಮ. ಇದರಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ನಾವು ರೆಕ್ಸಿನ್ ಎಂದು ಕರೆಯುವ ಪಿವಿಸಿ ಹಾಸಿನದು ಗಟ್ಟಿಯಾಗಿ ಬಿರಿಯುತ್ತದೆಯೇ ಹೊರತು ಹೀಗೆ ಉದುರುವುದು ಕಡಿಮೆ. ಪಾಲಿಯುರೆಥೇನ್ ಹಾಸಿನದು ಮುಟ್ಟಲು ಮೃದು, ನೋಡಲು ಚರ್ಮಕ್ಕೆ ಹತ್ತಿರ, ಆದರೆ ಅದರ ಅಗ್ಗದ ನಮೂನೆಗಳಲ್ಲಿ ಗಾಳಿಯ ತೇವ ಮತ್ತು ಬಿಸಿ ಸೇರಿ ಪ್ಲಾಸ್ಟಿಕ್ಕಿನ ಕೊಂಡಿಗಳನ್ನೇ ಕಡಿಯುತ್ತವೆ. ಕರಾವಳಿಯ ಹವೆಯಲ್ಲಿ ಇದು ಬೇಗ ಆಗುತ್ತದೆ. ಪದರದ ಒಳಗಿನಿಂದಲೇ ನಡೆಯುವ ಕೊಳೆತವಾದ್ದರಿಂದ ಮೇಲೆ ಹಚ್ಚಿದ ಬಣ್ಣ ಉದುರುವ ಪದರದೊಂದಿಗೇ ಉದುರುತ್ತದೆ.

ಕವರ್ ಬದಲಿಸುವಾಗ ಅಡಿಯಲ್ಲಿರುವ ಕಾರ್ಖಾನೆಯ ಸೀಟಿನಲ್ಲಿ ಬೂಷ್ಟು ಇದೆಯೇ ನೋಡಿ. ಮಳೆಗಾಲದ ತೇವ ಕವರಿನ ಕೆಳಗೆ ಸಿಕ್ಕಿಕೊಂಡು ಹಾಗಾಗುವುದುಂಟು. ಇದ್ದರೆ ಸೀಟನ್ನು ಶುಚಿ ಮಾಡಿ, ಬಾಗಿಲು ತೆರೆದಿಟ್ಟು ಪೂರ್ತಿ ಒಣಗಿಸಿದ ಮೇಲೆಯೇ ಹೊಸದನ್ನು ಹಾಕಿಸಿ. ಉದುರದೆ ಬಣ್ಣ ಮಾತ್ರ ಹೋಗಿರುವ ಗಟ್ಟಿ ರೆಕ್ಸಿನ್ನಿಗೆ ವಿನೈಲ್‌ಗೆಂದೇ ಮಾಡಿದ ಬಣ್ಣವನ್ನು ಹಚ್ಚಬಹುದು. ಸಾಮಾನ್ಯ ಎಣ್ಣೆಬಣ್ಣವನ್ನು ಹಚ್ಚಿದರೆ, ರೆಕ್ಸಿನ್ನನ್ನು ಮೆತ್ತಗಿಡಲು ಸೇರಿಸಿದ ದ್ರವ ಹೊರಗೆ ಒಸರಿ ಬಣ್ಣವನ್ನು ಅಂಟಂಟು ಮಾಡುತ್ತದೆ.

ಪ್ರಶ್ನೆ: ನಮ್ಮ ಊರಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವರಿದ್ದಾರೆ. ನನ್ನ ಕಾರಿನ ಬಟ್ಟೆ ಸೀಟುಗಳ ಬೂದು ಬಣ್ಣ ಮಾಸಿದೆ. ಅವರ ಬಣ್ಣವನ್ನೇ ತಂದು ಬ್ರಷ್ಷಿನಿಂದ ಹಚ್ಚಬಹುದೇ?
— ಓದುಗರು, ಇಳಕಲ್

ಉತ್ತರ: ಕಾರ್ಖಾನೆಯಿಂದ ಬರುವ ಬಟ್ಟೆ ಸೀಟುಗಳು ಬಹುತೇಕ ಪಾಲಿಯೆಸ್ಟರ್. ಹತ್ತಿಯ ನೂಲಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. ಅದಕ್ಕೆ ಬೇಕಾದ ಡಿಸ್ಪರ್ಸ್ ಬಣ್ಣಗಳು ನೂಲಿನೊಳಕ್ಕೆ ಇಳಿಯಬೇಕಾದರೆ ಕಾರ್ಖಾನೆಗಳಲ್ಲಿ ಒತ್ತಡದ ಪಾತ್ರೆಯೊಳಗೆ ಸುಮಾರು 130 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಕಾರಿನೊಳಗೆ ಕೂತಿರುವ ಸೀಟಿಗೆ ಅಂಥ ಬಿಸಿಯನ್ನು ಕೊಡುವ ದಾರಿಯಿಲ್ಲ. ಬ್ರಷ್ಷಿನಿಂದ ಹಚ್ಚಿದ ಬಣ್ಣ ಎಳೆಗಳ ನಡುವೆ ಹುಡಿಯಾಗಿ ಕೂತು, ಬೆವರಿದ ಬೆನ್ನಿಗೆ ಹತ್ತುತ್ತದೆ. ಕೆಳಗಿನ ಫೋಮ್ ಒದ್ದೆಯಾಗಿ ವಾಸನೆಯೂ ಬರುತ್ತದೆ. ಬಟ್ಟೆಯ ಮೇಲೆ ಸಿಂಪಡಿಸುವ ಬಣ್ಣದ ಡಬ್ಬಿಗಳು ಸಿಗುತ್ತವಾದರೂ ಅವು ಬಟ್ಟೆಯ ಮೆದುತನವನ್ನು ತಿನ್ನುತ್ತವೆ. ಮಾಸಿದ ಬಟ್ಟೆ ಸೀಟಿಗೆ ನಮ್ಮ ಮೊದಲ ಸಲಹೆ, ನೀರು ಹಾಯಿಸಿ ಹೀರಿ ತೆಗೆಯುವ ಯಂತ್ರದಿಂದ ಒಮ್ಮೆ ತೊಳೆಸಿ ನೋಡಿ ಎಂಬುದು. ಬಣ್ಣ ಹೋಯಿತೆಂದುಕೊಂಡ ಎಷ್ಟೋ ಸೀಟುಗಳಲ್ಲಿ ಬಣ್ಣ ದೂಳಿನ ಕೆಳಗೆ ಇದ್ದೇ ಇರುತ್ತದೆ.

ಆದರೆ ನಿಮ್ಮ ಊರಿನವರ ಕೈಚಳಕ ಹತ್ತಿಯ ಕವರುಗಳಿಗೆ ಚೆನ್ನಾಗಿ ಒದಗುತ್ತದೆ. ಸರ್ಕಾರಿ ಅಂಬಾಸಡರ್ ಕಾರುಗಳ ಸೀಟಿನ ಮೇಲೆ ಹಾಸುತ್ತಿದ್ದ ಬಿಳಿಯ ಟರ್ಕಿ ಟವೆಲ್ಲನ್ನು ನೆನಪಿಸಿಕೊಳ್ಳಿ. ಬೇಸಿಗೆಗೆ ಅದಕ್ಕಿಂತ ಹಿತವಾದ ಹಾಸು ಇನ್ನೂ ಬಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಅಂಥ ಕವರುಗಳನ್ನು ಬಿಚ್ಚಿ ತೊಳೆದು, ತಣ್ಣೀರಿನಲ್ಲೇ ಹಿಡಿಯುವ ರಿಯಾಕ್ಟಿವ್ ಬಣ್ಣದಲ್ಲಿ ಮನೆಯಲ್ಲೇ ಅದ್ದಬಹುದು. ಗಾಢ ಬಣ್ಣಕ್ಕೆ ಒಣಬಟ್ಟೆಯ ತೂಕದ ಶೇಕಡಾ 3ರಿಂದ 4ರಷ್ಟು ಬಣ್ಣ, ಲೀಟರ್ ನೀರಿಗೆ ಸುಮಾರು 50 ಗ್ರಾಂ ಉಪ್ಪು ಹಾಕಿ ಬಟ್ಟೆಯನ್ನು ಅರ್ಧ ಗಂಟೆ ತಿರುವುತ್ತಿರಬೇಕು. ಆಮೇಲೆ ಬಟ್ಟೆಯನ್ನು ಪಕ್ಕಕ್ಕೆ ಎತ್ತಿ ಹಿಡಿದು ಲೀಟರಿಗೆ 10ರಿಂದ 20 ಗ್ರಾಂ ಸೋಡಾ ಆ್ಯಶ್ ಅನ್ನು ನೀರಿನಲ್ಲಿ ಕರಗಿಸಿ ಸೇರಿಸಿ, ಮತ್ತೆ ಒಂದು ಗಂಟೆ ಬಿಡಬೇಕು. ಬಣ್ಣ ಹತ್ತಿಯೊಂದಿಗೆ ಬೆಸೆದುಕೊಳ್ಳುವುದು ಈ ಸೋಡಾ ಬಿದ್ದ ಮೇಲೆಯೇ. ಹಿಡಿಯದೆ ಉಳಿದ ಬಣ್ಣವನ್ನು ಮೊದಲು ತಣ್ಣೀರಿನಲ್ಲಿ, ಕೊನೆಗೆ ಸೋಪು ಹಾಕಿದ ಬಿಸಿನೀರಿನಲ್ಲಿ ತೆಗೆಯಬೇಕು. ಜಾಲಿಸಿದ ನೀರು ತಿಳಿಯಾಗುವವರೆಗೂ ಕವರನ್ನು ಸೀಟಿಗೆ ಹಾಕಬೇಡಿ. ಪುಡಿ ತೂಗುವಾಗ ಮೂಗು ಮುಚ್ಚಿಕೊಳ್ಳಿ, ಅಡುಗೆಯ ಪಾತ್ರೆಗಳನ್ನು ಬಳಸಬೇಡಿ.

ಪ್ರಶ್ನೆ: ತಿಳಿ ಬಣ್ಣದ ಚರ್ಮದ ಸೀಟುಗಳು ಕೊಳೆ ತೋರಿಸುತ್ತವೆಂದು ಪೂರ್ತಿ ಕಪ್ಪು ಮಾಡಿಸುವ ಯೋಚನೆಯಿದೆ. ಮುಂದಿನ ಎರಡು ಸೀಟುಗಳಲ್ಲಿ ಗಾಳಿ ಬರುವ ರಂಧ್ರಗಳಿವೆ. ತೊಂದರೆಯಾದೀತೇ?
— ಓದುಗರು, ಕಲಬುರಗಿ

ಉತ್ತರ: ತಿಳಿಯಿಂದ ಗಾಢಕ್ಕೆ ಹೋಗುವುದು ತಾಂತ್ರಿಕವಾಗಿ ಸುಲಭ, ಗಾಢದಿಂದ ತಿಳಿಗೆ ಬರುವುದು ಕಷ್ಟ. ಆದರೂ ನಿಮ್ಮ ಊರಿನ ಬಿಸಿಲನ್ನು ನೆನೆದರೆ ಈ ಯೋಚನೆಯನ್ನು ಬಿಡಿ ಎಂದೇ ಹೇಳಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಕಡೆ ಹೊರಗೆ ನಿಲ್ಲಿಸಿದ ಕಾರಿನ ಕಪ್ಪು ಸೀಟು ತಿಳಿ ಬಣ್ಣದ ಸೀಟಿಗಿಂತ ಬಹಳ ಹೆಚ್ಚು ಕಾಯುತ್ತದೆ. ಜೊತೆಗೆ, ಮೂಲ ಬಣ್ಣ ಬೇರೆಯಾಗಿರುವಾಗ ಸಣ್ಣದೊಂದು ಗೀರು ಬಿದ್ದರೂ ಅಡಿಯ ತಿಳಿ ಬಣ್ಣ ಬೆಳ್ಳಗೆ ಎದ್ದು ಕಾಣುತ್ತದೆ; ಅದೇ ಬಣ್ಣವನ್ನು ಮತ್ತೆ ಹಚ್ಚಿದವರಿಗೆ ಈ ಕಾಟವಿಲ್ಲ. ಕೊಳೆ ತೋರದಿರಲಿ ಎಂಬುದಷ್ಟೇ ಉದ್ದೇಶವಾದರೆ ಈಗಿರುವುದಕ್ಕಿಂತ ಒಂದೆರಡು ಛಾಯೆ ಗಾಢವಾದ ಕಂದು ಸಾಕು.

ರಂಧ್ರಗಳಿರುವ ಭಾಗಕ್ಕೆ ಸ್ಪಂಜನ್ನು ತಟ್ಟಿದರೆ ಬಣ್ಣ ಒಳಗೆ ಇಳಿದು ರಂಧ್ರ ಮುಚ್ಚುತ್ತದೆ, ಫ್ಯಾನಿನ ಗಾಳಿ ಮೇಲಕ್ಕೆ ಬರುವುದಿಲ್ಲ. ಅಲ್ಲಿಗೆ ಏರ್‌ಬ್ರಷ್ಷಿನಿಂದ ಮಂಜಿನಷ್ಟು ತೆಳುವಾಗಿ ಸಿಂಪಡಿಸಬೇಕು. ಪ್ರತಿ ಲೇಪ ಹಸಿಯಾಗಿರುವಾಗಲೇ ಬಣ್ಣ ತುಂಬಿದ ರಂಧ್ರಗಳನ್ನು ಸೂಜಿಯ ಮೊನೆಯಿಂದ ಬಿಡಿಸಬೇಕು. ನೂರಾರು ರಂಧ್ರಗಳಿರುವ ಸೀಟಿನಲ್ಲಿ ಇದು ಮನೆಗೆಲಸದ ಮಿತಿಯನ್ನು ಮೀರಿದ್ದು. ಆ ಭಾಗವನ್ನು ಟೇಪ್ ಹಾಕಿ ಮುಚ್ಚಿ, ದಿಂಡುಗಳನ್ನಷ್ಟೇ ಸರಿಪಡಿಸಿಕೊಳ್ಳಿ. ಸವೆಯುವುದೂ ಅವೇ.

ಪ್ರಶ್ನೆ: ಸೀಟಿನ ಬೆನ್ನಿನ ಹೊರಬದಿಯಲ್ಲಿ ಏರ್‌ಬ್ಯಾಗ್ ಎಂದು ಬರೆದ ಚಿಕ್ಕ ಪಟ್ಟಿಯೊಂದನ್ನು ಹೊಲಿದಿದ್ದಾರೆ. ಸೀಟನ್ನು ಬಿಚ್ಚಿ ಹೊರಗಿಟ್ಟು ಬಣ್ಣ ಹಚ್ಚಿದರೆ ಅನುಕೂಲವಲ್ಲವೇ?
— ಓದುಗರು, ತುಮಕೂರು

ಉತ್ತರ: ಅನುಕೂಲ ನಿಜ, ಆದರೆ ಆ ಪಟ್ಟಿ ಇರುವ ಸೀಟನ್ನು ಮನೆಯಲ್ಲಿ ಬಿಚ್ಚಬಾರದು. ಪಕ್ಕದಿಂದ ಡಿಕ್ಕಿಯಾದಾಗ ಉಬ್ಬುವ ಚೀಲ ಅದರೊಳಗೇ ಮಡಚಿ ಕೂತಿರುತ್ತದೆ. ಸೀಟಿನ ಅಡಿಯಲ್ಲಿ ಕಾಣುವ, ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರ್ ಅದರದ್ದು. ಬ್ಯಾಟರಿ ಕಳಚದೆ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯದೆ ಅದನ್ನು ಎಳೆಯುವುದು ಅಪಾಯ. ಕನೆಕ್ಟರ್ ಕಳಚಿರುವಾಗ ಇಗ್ನಿಷನ್ ಹಾಕಿದರೆ ಅನೇಕ ಕಾರುಗಳಲ್ಲಿ ಎಚ್ಚರಿಕೆಯ ದೀಪ ಹತ್ತಿಕೊಂಡು, ಸರ್ವಿಸ್ ಸೆಂಟರಿನ ಸ್ಕ್ಯಾನರ್ ಬರುವವರೆಗೂ ಆರುವುದಿಲ್ಲ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ಒರಗಿಸಿ, ಬಾಗಿಲು ತೆರೆದು ಕೆಲಸ ಮಾಡಿದರೆ ದಿಂಡಿನ ಎಲ್ಲ ಮಗ್ಗುಲುಗಳೂ ಕೈಗೆಟುಕುತ್ತವೆ.

ಚೀಲ ಹೊರಬರುವುದು ಅಲ್ಲಿನ ಹೊಲಿಗೆ ಬಿಟ್ಟುಕೊಂಡು. ಆ ಹೊಲಿಗೆಯನ್ನು ಬೇಕೆಂದೇ ಸುಲಭವಾಗಿ ಹರಿಯುವಂತೆ ಹಾಕಿರುತ್ತಾರೆ. ಅದರ ಮೇಲೆ ಫಿಲ್ಲರ್, ಅಂಟು, ತೇಪೆ ಯಾವುದೂ ಬರಬಾರದು, ಕುಶನ್ ಕೆಲಸದವರು ಗಟ್ಟಿಯಿರಲೆಂದು ಮರುಹೊಲಿಗೆ ಹಾಕಲೂ ಬಾರದು. ಹೊಲಿಗೆಯ ಎರಡೂ ಬದಿಗೆ ಎರಡು ಬೆರಳಗಲ ಟೇಪ್ ಹಚ್ಚಿ ಬಿಟ್ಟುಬಿಡಿ. ಸೀಟ್ ಬೆಲ್ಟಿನ ಪಟ್ಟಿಯನ್ನು ಪೂರ್ತಿ ಒಳಕ್ಕೆ ಸುತ್ತಿಕೊಳ್ಳಲು ಬಿಟ್ಟು, ಕಾಣುವ ಭಾಗವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಬಣ್ಣವಾಗಲಿ ಆಲ್ಕೋಹಾಲ್ ಆಗಲಿ ಅದಕ್ಕೆ ತಾಗಬಾರದು. ಮುಂದಿನ ಎಡಸೀಟಿನ ಅಡಿಯಲ್ಲಿ ಕುಳಿತವರನ್ನು ಗುರುತಿಸುವ ಸೆನ್ಸರ್ ಇರುವ ಕಾರುಗಳೂ ಇವೆ. ತೊಳೆಯುವಾಗ ಫೋಮ್ ನೆನೆಯುವಷ್ಟು ನೀರು ಸುರಿಯಬೇಡಿ.

ಪ್ರಶ್ನೆ: ಸೀಟಿನ ಬಣ್ಣ ಬದಲಿಸಿದರೆ ಆರ್‌ಟಿಒಗೆ ತಿಳಿಸಬೇಕೇ?
— ಓದುಗರು, ಮೈಸೂರು

ಉತ್ತರ: ಬೇಕಿಲ್ಲ. ಆರ್‌ಸಿಯಲ್ಲಿ ನಮೂದಾಗಿರುವುದು ವಾಹನದ ಹೊರಮೈ ಬಣ್ಣ ಮತ್ತು ಆಸನಗಳ ಸಂಖ್ಯೆ. ಅಲ್ಲಿ ನಮೂದಾಗಿರುವ ಇಂಥ ವಿವರಗಳನ್ನು ಬದಲಿಸುವಾಗ ಮಾತ್ರ ಅನುಮತಿಯ ಮಾತು ಬರುತ್ತದೆ.

ಪ್ರಶ್ನೆ: ಸೀಟಿಗೆ ತಂದ ಬಣ್ಣದಲ್ಲಿ ಸ್ವಲ್ಪ ಉಳಿದಿದೆ. ಸ್ಟಿಯರಿಂಗ್ ಚಕ್ರದ ಚರ್ಮವೂ ಸವೆದು ನುಣ್ಣಗಾಗಿದೆ. ಅದಕ್ಕೂ ಹಚ್ಚಬಹುದೇ?
— ಓದುಗರು, ದಾವಣಗೆರೆ

ಉತ್ತರ: ಬಣ್ಣ ಹೊಂದುವುದಾದರೆ ಹಚ್ಚಬಹುದು, ಆದರೆ ಸೀಟಿನಷ್ಟು ದಿನ ಬಾಳುತ್ತದೆಂದು ಎಣಿಸಬೇಡಿ. ಅಂಗೈಯ ಬೆವರು, ಉಗುರು, ಉಂಗುರ, ಸ್ಯಾನಿಟೈಸರಿನ ಆಲ್ಕೋಹಾಲ್ ಇವೆಲ್ಲ ಆ ಲೇಪವನ್ನು ದಿನವೂ ತಿನ್ನುತ್ತವೆ. ನುಣ್ಣಗಾಗಿ ಹೊಳೆಯುವುದು ಅನೇಕ ಸಲ ಸವೆತವಾಗಿರದೆ ಕೈಯ ಜಿಡ್ಡಿನ ಪದರವಾಗಿರುತ್ತದೆ. ಮೊದಲು ಕ್ಲೀನರ್ ಹಾಕಿ ಉಜ್ಜಿ ನೋಡಿ, ಮಬ್ಬು ಕಪ್ಪು ಹೊರಬಂದರೆ ಬಣ್ಣದ ಅಗತ್ಯವೇ ಇಲ್ಲ. ನಿಜವಾಗಿಯೂ ಸವೆದಿದ್ದರೆ ನಡುವಿನ ಏರ್‌ಬ್ಯಾಗ್ ಮುಚ್ಚಳವನ್ನು ಬಿಚ್ಚದೆ ಕಾಗದ ಮತ್ತು ಟೇಪಿನಿಂದ ಮರೆಮಾಡಿ, ಸೀಟಿಗೆ ಹೇಳಿದ ಕ್ರಮದಲ್ಲೇ ಕೆಲಸ ಮಾಡಿ. ಪಾರದರ್ಶಕ ಲೇಪಕ್ಕೆ ಗಟ್ಟಿಗೊಳಿಸುವ ದ್ರವ ಇಲ್ಲಿ ಕಡ್ಡಾಯ, ಮತ್ತು ಲೇಪ ಪೂರ್ತಿ ಗಟ್ಟಿಯಾಗುವವರೆಗೆ ಕಾರನ್ನು ಓಡಿಸದಿರುವುದು ಮೇಲು. ಹಬ್ಬಕ್ಕೆ ಊರಿಗೆ ಹೋಗುವ ಮುನ್ನಾದಿನ ಈ ಕೆಲಸಕ್ಕೆ ಕೈಹಾಕಬೇಡಿ. ಹೊಳಪಿನ ಲೇಪವನ್ನು ಸ್ಟಿಯರಿಂಗಿಗೆ ಬಳಸಿದರೆ ಕೈ ಜಾರುತ್ತದೆ, ಮಬ್ಬು ಲೇಪವನ್ನೇ ಕೇಳಿ ತನ್ನಿ.